ಪೆಟ್ಟಿನ ನಂತರದ ತಲೆನೋವು: ಮಾತ್ರೆಗೆ ಮೊದಲು 28 ದಿನದ ಲೆಕ್ಕ

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಪುಣೆಯ ಚಿಂಚ್‌ವಾಡದಲ್ಲಿ ಇದ್ದೇವೆ. ನನ್ನ ತಮ್ಮನಿಗೆ 34 ವರ್ಷ, ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. 14 ತಿಂಗಳ ಹಿಂದೆ ಬೈಕ್ ಜಾರಿ ತಲೆಗೆ ಪೆಟ್ಟಾಯಿತು, ಕೆಲವು ನಿಮಿಷ ಎಚ್ಚರ ಇರಲಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಆದರೆ ಅಂದಿನಿಂದ ವಾರಕ್ಕೆ ನಾಲ್ಕೈದು ದಿನ ತಲೆನೋವು. ಹೆಚ್ಚುಕಡಿಮೆ ದಿನವೂ ಐಬುಪ್ರೊಫೆನ್-ಪ್ಯಾರಸಿಟಮಾಲ್ ಬೆರೆತ ಮಾತ್ರೆ ನುಂಗುತ್ತಾನೆ. ಬಿ.ಪಿ.ಗೆ ಕೊಡುವ ಪ್ರಜೋಸಿನ್ ಇದಕ್ಕೂ ಆಗುತ್ತದೆ ಎಂದು ಎಲ್ಲೋ ಓದಿದೆ. ಈಗ ಇಲ್ಲಿನ ಆಸ್ಪತ್ರೆಯೊಂದರಲ್ಲಿ ತಲೆನೋವಿನ ಔಷಧದ ಟ್ರಯಲ್‌ಗೆ, ಅಂದರೆ ಪ್ರಯೋಗಕ್ಕೆ, ಸೇರುತ್ತೀರಾ ಎಂದು ಕೇಳಿದ್ದಾರೆ. ಕೆಲವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಡುತ್ತಾರಂತೆ. ಇದು ಅವನನ್ನು ಪ್ರಯೋಗಪಶು ಮಾಡಿದ ಹಾಗಲ್ಲವೇ? ಹುಸಿ ಮಾತ್ರೆಯೇ ಬಂದರೆ ಅಷ್ಟು ತಿಂಗಳು ದಂಡವಲ್ಲವೇ?

ಉತ್ತರ: ಟ್ರಯಲ್‌ಗೆ ಸೇರಬಹುದು. ಆದರೆ ಸೇರಲಿ ಬಿಡಲಿ, ಇವತ್ತಿನಿಂದಲೇ ಮಾಡಬೇಕಾದ ಕೆಲಸ ಒಂದಿದೆ: ನೋವಿನ ದಿನಗಳನ್ನೂ ನುಂಗಿದ ಮಾತ್ರೆಗಳನ್ನೂ ಎಣಿಸುವುದು. ‘ವಾರಕ್ಕೆ ನಾಲ್ಕೈದು ದಿನ’, ‘ಹೆಚ್ಚುಕಡಿಮೆ ದಿನವೂ’ ಎಂಬ ಅಂದಾಜಿನ ಮೇಲೆ ಯಾವ ಔಷಧವನ್ನೂ ಪರೀಕ್ಷಿಸಲು ಬರುವುದಿಲ್ಲ, ಆಸ್ಪತ್ರೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ.

ಅದಕ್ಕೂ ಮುಂಚೆ, ಇದು ನಿಜಕ್ಕೂ ಪೆಟ್ಟಿನ ತಲೆನೋವೇ ಎಂದು ಖಾತ್ರಿಯಾಗಬೇಕು. ಜಗತ್ತಿನೆಲ್ಲೆಡೆ ನರವೈದ್ಯರು ಬಳಸುವ ವರ್ಗೀಕರಣದಲ್ಲಿ ಅಳತೆ ಸ್ಪಷ್ಟ. ಪೆಟ್ಟು ಬಿದ್ದ, ಅಥವಾ ಎಚ್ಚರ ಬಂದ, 7 ದಿನದೊಳಗೆ ನೋವು ಶುರುವಾಗಿರಬೇಕು. 3 ತಿಂಗಳು ದಾಟಿದರೆ ಅದನ್ನು ‘ಬಿಡದ’ ತಲೆನೋವು ಎನ್ನುತ್ತಾರೆ. ‘ಅಂದಿನಿಂದ’ ಎಂದು ನೀವು ಬರೆದಿದ್ದೀರಿ, ಅದು ಮೊದಲ ವಾರವೇ ಆಗಿದ್ದರೆ ಸರಿ. ಎರಡು ತಿಂಗಳ ನಂತರ ಶುರುವಾಗಿದ್ದರೆ ಬೇರೆ ಕಾರಣ ಹುಡುಕಬೇಕು. ಅಪಘಾತದ ದಿನ ತೆಗೆದ ಸಿಟಿ ಸ್ಕ್ಯಾನ್ ಆ ದಿನದ ಸಂಗತಿಯನ್ನಷ್ಟೇ ಹೇಳುತ್ತದೆ. ಮೆದುಳಿನ ಹೊದಿಕೆಯ ಕೆಳಗೆ ರಕ್ತ ಹನಿಹನಿಯಾಗಿ ಜಿನುಗಿ ಮೂರ್ನಾಲ್ಕು ವಾರದ ನಂತರ ಗಡ್ಡೆ ಕಟ್ಟುವುದುಂಟು. ವಯಸ್ಸಾದವರಲ್ಲಿ, ಕುಡಿತ ಇರುವವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಇದು ಹೆಚ್ಚು. ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಬೆಳಗಿನ ಜಾವ ವಾಂತಿಯಾದರೆ, ಕೈಕಾಲಿನ ಹಿಡಿತ ತಪ್ಪಿದರೆ, ಮಂಪರು ಬಂದರೆ, ಫಿಟ್ಸ್ ಆದರೆ ಹಳೆಯ ರಿಪೋರ್ಟ್ ನಂಬಿ ಕೂರಬೇಡಿ. ಎದ್ದು ನಿಂತಾಗ ನೋವು ಬಂದು ಮಲಗಿದರೆ ಇಳಿಯುತ್ತಿದ್ದರೆ, ಅಥವಾ ಬಗ್ಗಿದಾಗ ಮೂಗಿನಿಂದ ತಿಳಿನೀರು ಇಳಿಯುತ್ತಿದ್ದರೆ, ಮೆದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಅದಕ್ಕೆ ತಲೆನೋವಿನ ಮಾತ್ರೆ ಮದ್ದಲ್ಲ. ಕತ್ತು ಹೊರಳಿಸಿದಾಗಲೇ ನೋವು ಏಳುವುದಾದರೆ ಮೂಲ ಕತ್ತಿನಲ್ಲಿರಬಹುದು, ಫಿಸಿಯೊಥೆರಪಿಯಿಂದ ಹೆಚ್ಚು ಗುಣ ಕಾಣಬಹುದು.

ಇವೆಲ್ಲ ಇಲ್ಲವೆಂದಾದರೆ ಮುಂದಿನ ಅಡ್ಡಿ ನಿಮ್ಮ ಪತ್ರದಲ್ಲೇ ಇದೆ: ದಿನದ ಮಾತ್ರೆ. ನೋವಿಗೆಂದು ನುಂಗುವ ಮಾತ್ರೆಯೇ ನೋವನ್ನು ಉಳಿಸಿಕೊಳ್ಳುತ್ತದೆ. ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಒಂದೊಂದೇ ಆದರೆ ತಿಂಗಳಿಗೆ 15 ದಿನ, ಬೇರೆ ಬೇರೆ ಔಷಧ ಬೆರೆಸಿದ್ದಾದರೆ 10 ದಿನ. ಈ ಗಡಿ ಮೂರು ತಿಂಗಳಿಗೂ ಹೆಚ್ಚು ಕಾಲ ದಾಟಿದರೆ ಅದೇ ಒಂದು ತಲೆನೋವಾಗುತ್ತದೆ. ಕೆಫೀನ್ ಸೇರಿದ ಮಾತ್ರೆಗಳಿಗೂ ಮೈಗ್ರೇನ್ ಬಂದಾಗ ನುಂಗುವ ಟ್ರಿಪ್ಟಾನ್‌ಗಳಿಗೂ ಇದೇ 10 ದಿನದ ಗಡಿ. ಇಲ್ಲಿ ಎಣಿಸುವುದು ಮಾತ್ರೆ ನುಂಗಿದ ದಿನಗಳನ್ನು. ಒಂದೇ ದಿನ ಮೂರು ನುಂಗಿದರೂ ಅದು ಒಂದೇ ದಿನ. ನಿಮ್ಮ ತಮ್ಮ ಈ ಗಡಿಯನ್ನು ಎಂದೋ ದಾಟಿದ್ದಾರೆ.

ಇಂಥವರಿಗೆ ಯಾವ ಹೊಸ ಔಷಧ ಕೊಟ್ಟರೂ ಅರ್ಧ ಕೆಲಸವಷ್ಟೇ ಆಗುತ್ತದೆ, ತೂತು ಕೊಡದಲ್ಲಿ ನೀರು ತುಂಬಿದ ಹಾಗೆ. ಹಾಗಾಗಿ ಅನೇಕ ಟ್ರಯಲ್‌ಗಳು ಅತಿಯಾಗಿ ಮಾತ್ರೆ ತಿನ್ನುವವರನ್ನು ಸೇರಿಸಿಕೊಳ್ಳುವುದೇ ಇಲ್ಲ, ಇಲ್ಲವೇ ಮೊದಲು ಬಿಡಿಸಿ ಆಮೇಲೆ ಸೇರಿಸುತ್ತವೆ. ಬರೀ ಐಬುಪ್ರೊಫೆನ್-ಪ್ಯಾರಸಿಟಮಾಲ್ ಆದರೆ ಒಮ್ಮೆಗೇ ನಿಲ್ಲಿಸಬಹುದು. ಅಫೀಮಿನ ಬಗೆಯ ನೋವುನಿವಾರಕ ಟ್ರಮಡಾಲ್ ಬೆರೆತದ್ದಾದರೆ ಹಾಗೆ ನಿಲ್ಲಿಸಬಾರದು, ವೈದ್ಯರ ಲೆಕ್ಕದಂತೆ ಇಳಿಸಬೇಕು. ಹೀಗಾಗಿ ಸ್ಟ್ರಿಪ್‌ನ ಹಿಂದಿನ ಸಣ್ಣಕ್ಷರ ಓದಿ. ನಿಲ್ಲಿಸಿದ ಮೇಲೆ 2ರಿಂದ 10 ದಿನ ನೋವು ಇನ್ನೂ ಜೋರಾಗುತ್ತದೆ, ವಾಂತಿ ಬಂದಂತಾಗುತ್ತದೆ, ನಿದ್ದೆ ಕೆಡುತ್ತದೆ. ಬಹಳಷ್ಟು ಜನ ಸೋಲುವುದು ಮೂರನೆಯ ದಿನ. ‘ನೋಡಿ, ಮಾತ್ರೆ ಇಲ್ಲದೆ ಆಗುವುದೇ ಇಲ್ಲ’ ಎಂದು ಮತ್ತೆ ಮೆಡಿಕಲ್ ಅಂಗಡಿಗೆ ಹೋಗುತ್ತಾರೆ. ಈ ಹತ್ತು ದಿನಕ್ಕೆ ರಜೆ ಹೊಂದಿಸಿಕೊಳ್ಳಿ, ಅಥವಾ ರಾತ್ರಿ ಪಾಳಿ ಇಲ್ಲದ ವಾರ ಆರಿಸಿ. ಅಷ್ಟು ದಿನಕ್ಕೆಂದು ವೈದ್ಯರು ಬೇರೆ ಔಷಧ ಬರೆದುಕೊಡಬಹುದು, ಆದರೆ ಅದಕ್ಕೂ ಮುಗಿಯುವ ತಾರೀಖು ಇರಬೇಕು.

ಈಗ ಲೆಕ್ಕದ ವಿಷಯ. ಇದಕ್ಕೆ ಆ್ಯಪ್ ಬೇಕಿಲ್ಲ. ಮಹಾರಾಷ್ಟ್ರದಲ್ಲಿ ಮನೆಮನೆಯ ಗೋಡೆಗೂ ಒಂದು ಕಾಲನಿರ್ಣಯ ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಾಲಿನವನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಬರೆಯುವ ಆ ಚೌಕದಲ್ಲೇ ಜಾಗ ಸಾಕು. ರಾತ್ರಿ ಮಲಗುವ ಮುನ್ನ ನಾಲ್ಕು ಗುರುತು. ಒಂದು, ನೋವಿನ ದರ್ಜೆ: ಇಲ್ಲದಿದ್ದರೆ 0, ನೋವಿದ್ದೂ ಕೆಲಸ ನಡೆದರೆ 1, ಕೆಲಸ ಕುಂಟಿದರೆ 2, ಮಲಗಿಬಿಟ್ಟರೆ 3. ಎರಡು, ಎಷ್ಟು ಗಂಟೆ. ಮೂರು, ಎಷ್ಟು ಮಾತ್ರೆ, ಯಾವುದು. ನಾಲ್ಕು, ಎಷ್ಟು ತಾಸು ನಿದ್ದೆ, ಯಾವ ಪಾಳಿ. ಬೆಳಕು-ಸದ್ದು ತಡೆಯದಾದರೆ, ವಾಂತಿಯಾದರೆ ಮೂಲೆಯಲ್ಲಿ ಒಂದು ಚುಕ್ಕೆ. ನೋವಿಲ್ಲದ ದಿನ ಚೌಕ ಖಾಲಿ ಬಿಡಬಾರದು, 0 ಎಂದು ಬರೆಯಲೇಬೇಕು. ಖಾಲಿ ಚೌಕ ಕಂಡರೆ ನೋವಿರಲಿಲ್ಲವೋ ಬರೆಯಲು ಮರೆತರೋ ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಕೂತು ಏಳೂ ದಿನದ್ದನ್ನು ನೆನಪಿನಿಂದ ತುಂಬಿಸಿದ ಡೈರಿ ನೋಡಿದರೇ ಗೊತ್ತಾಗುತ್ತದೆ, ಎಲ್ಲ ಅಂಕಿಗಳೂ ಒಂದೇ ಇಂಕಿನಲ್ಲಿ ಸಾಲಾಗಿ ನಿಂತಿರುತ್ತವೆ!

ಎಣಿಸುವುದು ತಿಂಗಳಿಗಲ್ಲ, 28 ದಿನಕ್ಕೆ. ಫೆಬ್ರವರಿಯನ್ನು ಮಾರ್ಚ್ ಜೊತೆ ತೂಗಿದರೆ ಮೂರು ದಿನ ಮೊದಲೇ ಹೆಚ್ಚು. ನಾಲ್ಕು ಪೂರ್ತಿ ವಾರವಾದರೆ ಭಾನುವಾರಗಳು ಸಮನಾಗಿ ಬೀಳುತ್ತವೆ. ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಯಾವ ಔಷಧವನ್ನೂ ಕೊಡುವ ಮೊದಲು ಹೀಗೆ ನಾಲ್ಕು ವಾರ ಬರೆಸುತ್ತಾರೆ. ಸಣ್ಣಪುಟ್ಟ ನೋವನ್ನು ಬಿಟ್ಟು, ನಾಲ್ಕು ತಾಸಿಗೂ ಹೆಚ್ಚು ಇದ್ದ, ಕೆಲಸಕ್ಕೆ ಅಡ್ಡಿಯಾದ ದಿನಗಳನ್ನು ಮಾತ್ರ ‘ಲೆಕ್ಕದ ದಿನ’ ಎಂದು ಹಿಡಿಯುವುದು ಅಲ್ಲಿನ ವಾಡಿಕೆ. ನೀವೂ ಹಾಗೇ ಹಿಡಿಯಿರಿ.

ಇನ್ನು ಹುಸಿ ಮಾತ್ರೆ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಇದಕ್ಕೆ ಉತ್ತರ ನೀವು ಓದಿದ ಪ್ರಜೋಸಿನ್ ಪರೀಕ್ಷೆಯಲ್ಲೇ ಸಿಗುತ್ತದೆ. ಅಮೆರಿಕದಲ್ಲಿ ಸೈನಿಕರು ಮತ್ತು ಮಾಜಿ ಸೈನಿಕರ ಮೇಲೆ ನಡೆದ ಆ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಒಟ್ಟು 48 ಜನ. 32 ಜನರಿಗೆ ಪ್ರಜೋಸಿನ್, 16 ಜನರಿಗೆ ಹುಸಿ ಮಾತ್ರೆ, ಅಂದರೆ ಮೂವರಲ್ಲಿ ಇಬ್ಬರಿಗೆ ಔಷಧ. ಆರಂಭದಲ್ಲಿ ಎರಡೂ ಗುಂಪಿನವರಿಗೆ ನಾಲ್ಕು ವಾರಕ್ಕೆ ಸರಾಸರಿ 18 ಲೆಕ್ಕದ ದಿನ. ಕೊನೆಗೆ ಪ್ರಜೋಸಿನ್ ತಿಂದವರಲ್ಲಿ ಸುಮಾರು 12 ದಿನ ಕಡಿಮೆಯಾಯಿತು. ಹುಸಿ ಮಾತ್ರೆ ತಿಂದವರಲ್ಲೂ ಸುಮಾರು 7 ದಿನ ಕಡಿಮೆಯಾಯಿತು!

ಆ ಏಳು ದಿನ ಎಲ್ಲಿಂದ ಬಂತು? ಜನ ಆಸ್ಪತ್ರೆಗೆ ಬರುವುದು ನೋವು ತುತ್ತತುದಿಯಲ್ಲಿದ್ದಾಗ, ಅಲ್ಲಿಂದ ಅದು ತಾನಾಗಿಯೂ ಇಳಿಯುತ್ತದೆ. ಪ್ರತಿ ವಾರ ಯಾರೋ ಕೂರಿಸಿ ಕೇಳುತ್ತಾರೆ, ನಿದ್ದೆ-ಊಟ ಹದಕ್ಕೆ ಬರುತ್ತದೆ, ಡೈರಿ ಬರೆಯುವವರು ಮಾತ್ರೆಯನ್ನೂ ಕಡಿಮೆ ಮಾಡುತ್ತಾರೆ. ನಂಬಿಕೆಯ ಪಾಲೂ ಇದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಹುಸಿ ಮಾತ್ರೆಯ ಗುಂಪು ಇರುವುದು ಕಾಗೆ ಕೂರದೆಯೂ ಎಷ್ಟು ಕೊಂಬೆ ಮುರಿಯುತ್ತವೆ ಎಂದು ನೋಡಲಿಕ್ಕೆ. 12ರಲ್ಲಿ 7 ಕಳೆದರೆ ಉಳಿದ ಐದು ದಿನ ಮಾತ್ರ ಔಷಧದ ಸಂಪಾದನೆ. ಐದು ದಿನ ಸಣ್ಣದೇನಲ್ಲ. ಆದರೆ ಆ 16 ಜನ ಇರದಿದ್ದರೆ ಹನ್ನೆರಡೂ ದಿನವನ್ನು ಔಷಧದ ಖಾತೆಗೇ ಬರೆಯುತ್ತಿದ್ದೆವು. ‘ನಮ್ಮ ಪಕ್ಕದ ಮನೆಯವರಿಗೆ ಇದರಿಂದ ಪೂರ್ತಿ ಹೋಯಿತು’ ಎಂಬ ಮಾತಿನ ಬೆಲೆ ಎಷ್ಟೆಂದು ಇದರಿಂದಲೇ ಅಳೆಯಬಹುದು.

ಹಾಗಾಗಿ ಹುಸಿ ಮಾತ್ರೆಯ ಪಾಲಿಗೆ ಬಿದ್ದವರ ತಿಂಗಳುಗಳು ದಂಡ ಎನ್ನಲಾಗದು. ಕೇಳಬೇಕಾದ ಪ್ರಶ್ನೆ ಬೇರೆ: ನೋವು ಜೋರಾದ ದಿನ ನುಂಗಲು ಬೇರೆ ಮಾತ್ರೆಗೆ ಅವಕಾಶ ಇದೆಯೇ? ಯಾವುದು, ವಾರಕ್ಕೆ ಎಷ್ಟು? ಇದು ಬರಹದಲ್ಲಿ ಇರಬೇಕು. ಇಲ್ಲ ಎಂದರೆ ಸೇರುವುದು ಬೇಡ.

ಪ್ರಜೋಸಿನ್ ಬಗ್ಗೆ ಇಷ್ಟು ಕೇಳಿ ಉತ್ಸಾಹ ಬಂದಿದ್ದರೆ ಸ್ವಲ್ಪ ತಣ್ಣೀರು ಎರಚಲೇಬೇಕು. 48 ಜನ ಎಂದರೆ ಚಿಕ್ಕ ಪರೀಕ್ಷೆ, ಅದರಲ್ಲೂ ಬಹುತೇಕ ಗಂಡಸರು. ಇದೇ ಔಷಧ ಯುದ್ಧದ ಕೆಟ್ಟ ಕನಸುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಚಿಕ್ಕ ಪರೀಕ್ಷೆಗಳು ಹೇಳಿದ್ದವು. 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದಕ್ಕೂ ಹುಸಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ತೊಡಕೂ ಇದೆ. ಪ್ರಜೋಸಿನ್ ತಿಂದವರಿಗೆ ತಲೆ ಹಗುರಾಗುತ್ತದೆ, ಮೂಗು ಕಟ್ಟುತ್ತದೆ. ಹಾಗಾದವರು ‘ನನಗೆ ಬಂದಿರುವುದು ಅಸಲಿ’ ಎಂದು ಊಹಿಸಿಬಿಟ್ಟರೆ, ಯಾರಿಗೆ ಯಾವುದು ಬಂದಿದೆ ಎಂದು ತಿಳಿಯದಂತೆ ನಡೆಸುವ ‘ಕಣ್ಣು ಕಟ್ಟಿದ’ ಪರೀಕ್ಷೆಯ ಪಟ್ಟಿ ಸಡಿಲವಾದ ಹಾಗೆ.

ನಿಮ್ಮ ತಮ್ಮನಿಗೆ ಪ್ರಜೋಸಿನ್ನೇ ಬಂದರೆ ಎಚ್ಚರ ವಹಿಸಬೇಕಾದದ್ದು ಮೊದಲ ಗುಳಿಗೆಯಲ್ಲಿ. ಅದು ರಕ್ತನಾಳಗಳನ್ನು ಸಡಿಲಿಸುವ ಔಷಧ. ಮೊದಲ ಸಲ ನುಂಗಿದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಬಿ.ಪಿ. ಸರ್ರನೆ ಇಳಿದು ಕಣ್ಣು ಕತ್ತಲೆ ಬರಬಹುದು. ತಲೆಗೆ ಪೆಟ್ಟಾಗಿದ್ದವರು ಮತ್ತೆ ಬಚ್ಚಲಲ್ಲಿ ಬೀಳುವುದು ಬೇಕಿಲ್ಲ. ಅದಕ್ಕೇ 1 ಮಿಲಿಗ್ರಾಂನಿಂದ ಶುರು, ಅದೂ ಮಲಗುವ ಹೊತ್ತಿಗೆ. ಅಮೆರಿಕದ ಆ ಪರೀಕ್ಷೆಯಲ್ಲಿ ಐದು ವಾರ ಹಂತಹಂತವಾಗಿ ಏರಿಸಿ ಹೆಚ್ಚೆಂದರೆ ಬೆಳಗ್ಗೆ 5, ರಾತ್ರಿ 20 ಮಿಲಿಗ್ರಾಂವರೆಗೆ ಒಯ್ದರು. ಇದು ವೈದ್ಯರ ಕಣ್ಗಾವಲಿನಲ್ಲಿ ನಡೆದದ್ದು, ಮನೆಯಲ್ಲಿ ಅನುಕರಿಸುವ ಅಳತೆಯಲ್ಲ. ನಮ್ಮಲ್ಲಿ ಹೆಚ್ಚಾಗಿ ಸಿಗುವ ‘ಎಕ್ಸ್‌ಎಲ್’ ಮಾತ್ರೆ ನಿಧಾನವಾಗಿ ಔಷಧ ಬಿಡುವ ಬಗೆಯದು. 2.5 ಮಿಲಿಗ್ರಾಂನದನ್ನು ಮುರಿದು ಅರ್ಧ ತಿನ್ನೋಣ ಎಂದರೆ ಇಡೀ ದಿನಕ್ಕೆ ಹಂಚಬೇಕಾದದ್ದು ಒಮ್ಮೆಗೇ ಮೈಗೆ ಇಳಿಯಬಹುದು.

ರಾತ್ರಿ ಪಾಳಿಯ ವಾರ ‘ಮಲಗುವ ಹೊತ್ತು’ ಎಂದರೆ ಬೆಳಗ್ಗೆ ಮನೆಗೆ ಬಂದ ಮೇಲೆ. ಚೀಟಿಯಲ್ಲಿ ರಾತ್ರಿ 10 ಎಂದಿದೆಯೆಂದು ಪಾಳಿಗೆ ಹೊರಡುವ ಮುನ್ನ ನುಂಗಿ ಪ್ರೆಸ್ ಮಷಿನ್ ಮುಂದೆ ನಿಂತರೆ ಅನಾಹುತವೇ. ಪಾಳಿ ಬದಲಾಗುವ ವಿಷಯವನ್ನು ಮೊದಲ ಭೇಟಿಯಲ್ಲೇ ಹೇಳಿ, ಯಾವ ದಿನ ಎಷ್ಟು ಹೊತ್ತಿಗೆ ಎಂದು ಬರೆಸಿಕೊಳ್ಳಿ. ಮಧ್ಯೆ ಕೆಲವು ದಿನ ಬಿಟ್ಟುಹೋಗಿ, ಹಬ್ಬಕ್ಕೆ ಊರಿಗೆ ಹೋದವರು ಮಾತ್ರೆ ಮರೆತಂತೆ, ಮತ್ತೆ ಹಳೆಯ ಅಳತೆಯಲ್ಲೇ ಶುರು ಮಾಡಿದರೆ ‘ಮೊದಲ ಗುಳಿಗೆ’ಯ ಅಪಾಯ ಮರಳುತ್ತದೆ. ವೈದ್ಯರನ್ನು ಕೇಳಿ ಕೆಳಗಿನಿಂದಲೇ ಏರಬೇಕು. ಅಳತೆ ಏರಿಸಿದಾಗಲೆಲ್ಲ ಮಲಗಿ ಐದು ನಿಮಿಷವಾದ ಮೇಲೆ ಒಮ್ಮೆ, ಎದ್ದು ನಿಂತ 1 ಮತ್ತು 3 ನಿಮಿಷಕ್ಕೆ ಇನ್ನೆರಡು ಸಲ ಬಿ.ಪಿ. ನೋಡಬೇಕು. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಏರಿಸುವುದನ್ನು ನಿಲ್ಲಿಸಿ ಫೋನ್ ಮಾಡಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಬೆವರು ಸುರಿಸುವವರಿಗೆ ಇದು ಇನ್ನೂ ಬೇಗ ಆಗುತ್ತದೆ. ಗಂಡಸರು ಲೈಂಗಿಕ ದೌರ್ಬಲ್ಯಕ್ಕೆಂದು ನುಂಗುವ ಸಿಲ್ಡೆನಾಫಿಲ್, ಟಡಲಾಫಿಲ್ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಸಂಕೋಚ ಬಿಟ್ಟು ಹೇಳಲೇಬೇಕು, ಎರಡೂ ಸೇರಿದರೆ ಬಿ.ಪಿ. ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಿಮ್ಮ ಮುಂದೆ ಹೇಳಲಾಗದಿದ್ದರೆ ವೈದ್ಯರ ಕೋಣೆಗೆ ಅವರೊಬ್ಬರೇ ಹೋಗಲಿ.

ಇನ್ನು ‘ಪ್ರಯೋಗಪಶು’ ಎಂಬ ಮಾತಿಗೆ. ಟ್ರಯಲ್ ನಂಬಿಕಸ್ಥವೇ ಎಂದು ಅರ್ಧ ಗಂಟೆಯಲ್ಲಿ ನೀವೇ ನೋಡಬಹುದು. ಭಾರತದಲ್ಲಿ ಔಷಧದ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರಕಾರಿ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್ 15ರಿಂದ ಕಡ್ಡಾಯ. ಆಸ್ಪತ್ರೆಯವರಿಂದ ನೋಂದಣಿ ಸಂಖ್ಯೆ ಕೇಳಿ. ಅದು ‘ಸಿಟಿಆರ್‌ಐ’ ಎಂದು ಶುರುವಾಗಿ ವರ್ಷ, ತಿಂಗಳು, ಕ್ರಮಸಂಖ್ಯೆ ಎಂದು ಸಾಗುತ್ತದೆ. ಅದರ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಆಸ್ಪತ್ರೆಯ ಹೆಸರು, ಮುಖ್ಯ ವೈದ್ಯರ ಹೆಸರು, ಪ್ರಯೋಗವನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ, ಹಣ ಹಾಕುತ್ತಿರುವವರು ಯಾರು ಎಂಬುದೆಲ್ಲ ಅಲ್ಲಿರುತ್ತದೆ. ಸಂಖ್ಯೆ ಕೊಡಲು ತಡವರಿಸಿದರೆ ಅಲ್ಲೇ ಮಾತು ಮುಗಿಸಿ.

ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ 2019ರ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ಸೇರುವವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಪುಣೆಯಲ್ಲಿ ಸಾಮಾನ್ಯವಾಗಿ ಮರಾಠಿ, ಹಿಂದಿ, ಇಂಗ್ಲಿಷ್ ಪತ್ರಗಳು ಸಿದ್ಧವಿರುತ್ತವೆ. ನಿಮ್ಮ ತಮ್ಮ ಮರಾಠಿ ಆಡುತ್ತಾರೆ, ಸರಿ. ಹದಿನೈದು-ಇಪ್ಪತ್ತು ಪುಟ ಓದಿ ಅರ್ಥ ಮಾಡಿಕೊಳ್ಳುತ್ತಾರೆಯೇ? ಮೇಸ್ತ್ರಿಯ ಜೊತೆ ಮಾತಾಡುವ ಮರಾಠಿ ಬೇರೆ, ‘ಅಡ್ಡಪರಿಣಾಮಗಳ ವೈದ್ಯಕೀಯ ನಿರ್ವಹಣೆ’ಯ ಮರಾಠಿ ಬೇರೆ. ಕನ್ನಡದ ಪ್ರತಿ ಕೇಳಿ. ನೈತಿಕ ಸಮಿತಿ ನೋಡಿ ಒಪ್ಪಿದ ಅನುವಾದವೇ ಆಗಬೇಕು, ವಾರ್ಡ್‌ನಲ್ಲಿ ಯಾರೋ ಕನ್ನಡದವರು ನಿಂತು ಬಾಯಲ್ಲಿ ಹೇಳಿದ ಸಾರಾಂಶ ಸಾಲದು. ಓದಲು ಬಾರದವರಾದರೆ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಇದ್ದು ಸಹಿ ಹಾಕಬೇಕು. ಪತ್ರ ಮನೆಗೆ ತಂದು ಓದಿ, ನಾಳೆ ಬಂದು ಸಹಿ ಮಾಡುತ್ತೇವೆ ಎನ್ನಿ. ‘ಇವತ್ತೇ ಮಾಡಿ, ಸೀಟು ಹೋಗುತ್ತದೆ’ ಎಂದರೆ ಅನುಮಾನ ಪಡಿ.

ಓದುವಾಗ ಬೆರಳಿಟ್ಟು ಹುಡುಕಬೇಕಾದ ಸಾಲುಗಳು ಇವು: ಔಷಧಕ್ಕೂ ತಪಾಸಣೆಗೂ ಹಣ ಇಲ್ಲ ಎಂಬುದು, ಪ್ರಯೋಗದ ನಡುವೆ ಹಾನಿಯಾದರೆ ಚಿಕಿತ್ಸೆ ಯಾರ ಖರ್ಚು, ಪರಿಹಾರ ಹೇಗೆ ಎಂಬುದು, ನಾಮಿನಿಯ ಹೆಸರು ಬರೆಯುವ ಜಾಗ, ರಾತ್ರಿ ಫೋನ್ ಮಾಡಬಹುದಾದ ವೈದ್ಯರ ಸಂಖ್ಯೆ, ನೈತಿಕ ಸಮಿತಿಯ ಸಂಖ್ಯೆ, ಮತ್ತು ಯಾವಾಗ ಬೇಕಾದರೂ ಕಾರಣ ಕೊಡದೆ ಬಿಡಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆಗೆ ತೊಂದರೆ ಇಲ್ಲ ಎಂಬ ಮಾತು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಹೋಗಿಬರುವ ಖರ್ಚು ಅನೇಕ ಕಡೆ ಕೊಡುತ್ತಾರೆ. ತಪ್ಪಿದ ಪಾಳಿಯ ಸಂಬಳವೂ ಸಿಗುತ್ತದೆಂದು ಎಣಿಸಬೇಡಿ, ಕೇಳಿ ತಿಳಿದುಕೊಳ್ಳಿ. ಪ್ರಯೋಗ ಮುಗಿದ ಮೇಲೆ ಯಾರಿಗೆ ಯಾವುದು ಬಂದಿತ್ತೆಂದು ತಿಳಿಸುತ್ತಾರೆಯೇ ಎಂಬುದನ್ನೂ ಈಗಲೇ ಕೇಳಿಡಿ. ಎಷ್ಟೋ ಜನ ಇದನ್ನು ಕೇಳದೆ ಆಮೇಲೆ ಪರಿತಪಿಸುತ್ತಾರೆ.

ಸೇರುವುದು ಬೇಡ ಅನ್ನಿಸಿದರೆ ಅದೂ ತಪ್ಪಲ್ಲ. ಪೆಟ್ಟಿನ ತಲೆನೋವಿಗೆಂದೇ ಮಂಜೂರಾದ ಔಷಧ ಇಲ್ಲ. ನೋವು ಯಾವ ಬಗೆಯದನ್ನು ಹೋಲುತ್ತದೋ ಅದರ ಔಷಧ ಕೊಡುವುದು ರೂಢಿ: ಬೆಳಕು ತಡೆಯದ, ಮಿಡಿಯುವ ನೋವಾದರೆ ಮೈಗ್ರೇನಿನದು, ಬಿಗಿದು ಕಟ್ಟಿದಂತಿದ್ದರೆ ಟೆನ್ಶನ್ ತಲೆನೋವಿನದು. ನಿದ್ದೆಯೂ ಕೆಟ್ಟಿದ್ದರೆ ಸಾಮಾನ್ಯವಾಗಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ, ಬೆಳಗ್ಗೆ ಜಡತೆ ಇರುತ್ತದೆ. ಮೈಗ್ರೇನಿಗೆ ಕೊಡುವ ಔಷಧಗಳಲ್ಲಿ ಪ್ರೊಪ್ರನೊಲಾಲ್ ಆಸ್ತಮಾ ಇರುವವರಿಗೆ ಕೂಡದು. ಟೋಪಿರಮೇಟ್ ಬೆರಳ ತುದಿ ಜುಮ್ಮೆನಿಸುತ್ತದೆ, ಆಡಬೇಕಾದ ಪದ ನಾಲಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಪೆಟ್ಟಿನ ನಂತರ ಮೊದಲೇ ನೆನಪು ಮಸುಕಾದವರಿಗೆ ಅದು ನನ್ನ ಮೊದಲ ಆಯ್ಕೆಯಲ್ಲ. ಫ್ಲುನಾರಿಜಿನ್ ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಾರೆ. ತೂಕ ಏರುವುದು, ಮನಸ್ಸು ಕುಗ್ಗುವುದು ಕಂಡರೆ ತಡಮಾಡದೆ ಹೇಳಬೇಕು.

ಯಾವುದೇ ಆಗಲಿ, ಪರೀಕ್ಷಿಸುವ ಕ್ರಮ ಅದೇ. ಒಂದು ಸಲಕ್ಕೆ ಒಂದೇ ಔಷಧ. ಅಳತೆ ಮುಟ್ಟಿದ ಮೇಲೆ 8ರಿಂದ 12 ವಾರ ಕಾಯಬೇಕು. ಹತ್ತು ದಿನಕ್ಕೇ ‘ಇದು ನಾಟಲಿಲ್ಲ’ ಎಂದು ಬೇರೆ ವೈದ್ಯರ ಬಳಿ ಹೋಗಿ ಇನ್ನೊಂದು ಬರೆಸಿಕೊಳ್ಳುವವರಿಗೆ ಒಂದು ವರ್ಷದಲ್ಲಿ ಆರು ಔಷಧ ಸೋತಿರುತ್ತವೆ, ನಿಜವಾಗಿ ಒಂದೂ ಪರೀಕ್ಷೆಗೆ ಒಳಪಟ್ಟಿರುವುದಿಲ್ಲ. ಕೊನೆಯ 28 ದಿನವನ್ನು ಮೊದಲ 28 ದಿನದ ಪಕ್ಕ ಇಡಿ. ಲೆಕ್ಕದ ದಿನಗಳು ಅರ್ಧಕ್ಕಿಳಿದಿದ್ದರೆ ಔಷಧ ಗೆದ್ದಿದೆ. ದಿನಗಳು ಅಷ್ಟೇ ಇದ್ದು 3ರ ಜಾಗದಲ್ಲಿ 1 ಬಂದಿದ್ದರೂ ಬಿಡುವ ಆತುರ ಬೇಡ. ಎರಡೂ ಇಲ್ಲದಿದ್ದರೆ ನಿಧಾನವಾಗಿ ಇಳಿಸಿ ಮುಂದಿನದಕ್ಕೆ ಹೋಗಬಹುದು.

ಆಸ್ಪತ್ರೆಗೆ ಹೋಗುವಾಗ ಅಪಘಾತದ ದಿನದ ಡಿಸ್ಚಾರ್ಜ್ ಚೀಟಿ, ಸಿಟಿಯ ಫಿಲ್ಮ್ ಅಥವಾ ಸಿ.ಡಿ., ಈವರೆಗೆ ತಿಂದ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಎರಡು ತಿಂಗಳ ಪಾಳಿಪಟ್ಟಿ ಒಂದು ಚೀಲದಲ್ಲಿರಲಿ. ಗೋಡೆಯ ಕಾಲನಿರ್ಣಯವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡರೆ ಸಾಕು, ಇಳಿಸಿ ಒಯ್ಯಬೇಡಿ. ಆ ದಿನದ ಗುರುತು ರಾತ್ರಿ ಬರೆಯಬೇಕಲ್ಲ.